ಮಲ್ಲಿಗೆ ಸಾಲಿನ ಕೆಳಗಿನ ಕೋಣೆ

ಝೀಟಾ ಮದುವೆಯ ಗೌನಿನ ಮೇಲೆ ಮುಚ್ಚಿದ್ದ ಹಳೆಯ ಬೆಡ್‌ಶೀಟನ್ನು ತೆಗೆದು ಗೌನನ್ನು ಬಾಗಿಲ ಬೆಳಕಿಗೆ ಹಿಡಿದಳು. ಎಡತೋಳಿನಿಂದ ಸೊಂಟದವರೆಗೆ ಯಾರೋ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆಗಳು. ಕೊಡವಿ ನೋಡಿದಳು, ಹೋಗಲಿಲ್ಲ. ಮೂಗಿನ ಹತ್ತಿರ ತಂದಳು. ಒದ್ದೆಯಲ್ಲೇ ಮಡಿಸಿಟ್ಟ ಕೊಡೆಯ ವಾಸನೆ.

ಬೂಷ್ಟು ಹಿಡಿದಿತ್ತು.

ಬಟ್ಟೆ ಉಡುಪಿಯ ಅಂಗಡಿಯದ್ದಾಗಿದ್ದರೆ ಬಸ್ಸು ಹತ್ತಿ ಹೋಗಿ ಇನ್ನೊಂದು ತುಂಡು ತರಬಹುದಿತ್ತು. ಇದು ಉಚ್ಚಿಲದ ಇಮ್ಯಾನುಯೆಲ್ ತಮ್ಮ ಮಗಳ ಮದುವೆಗೆಂದು ಬಹರೈನಿನಿಂದ ತಂದ ಸ್ಯಾಟಿನ್. ಮದುವೆ ಕ್ರಿಸ್ಮಸ್ ಕಳೆದು, ಜನವರಿಯ ಮೂರು ರಾಯರ ಹಬ್ಬವೂ ಕಳೆದ ಮೇಲೆ. ಅದು ಎಂಬತ್ತೆರಡನೇ ಇಸವಿಯ ನವೆಂಬರ್. ಮಳೆ ನಿಂತು ತಿಂಗಳಾಗಿತ್ತು.

ಮಣಿಪಾಲದ ಇಳಿಜಾರಿನಲ್ಲಿ ಆ ಮನೆಯನ್ನು ಕಟ್ಟಿಸಿದವರು ಝೀಟಾಳ ಮಾವ ಕಜೆಟನ್. ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತರಾದವರು. ರಸ್ತೆಯ ಕಡೆಯಿಂದ ನೋಡಿದರೆ ಮನೆಗೆ ಒಂದೇ ಅಂತಸ್ತು. ಹಿಂದಿನಿಂದ ಇಳಿದು ಬಂದರೆ ಅದರ ಕೆಳಗೆ ಗುಡ್ಡವನ್ನು ಕಡಿದು ಮಾಡಿದ ದೊಡ್ಡದೊಂದು ಕೋಣೆ. ಅದರ ಎದುರು ಪಶ್ಚಿಮಕ್ಕೆ ತೆರೆದ ಕೆಳಗಿನ ಅಂಗಳ. ಹಿಂದಿನ ಗೋಡೆಗೆ ಮಾತ್ರ ಹೊರಗು ಎಂಬುದಿಲ್ಲ. ಅದರ ಆಚೆ ರಸ್ತೆಯ ಕಡೆಯ ಮೇಲಂಗಳದ ಮಣ್ಣು. ಆ ಕೋಣೆಯಲ್ಲಿ ಝೀಟಾ ಎರಡು ಹೊಲಿಗೆ ಮೆಷಿನು ಇಟ್ಟು ಬಟ್ಟೆ ಹೊಲಿದು ಕೊಡುತ್ತಿದ್ದಳು, ಸುತ್ತಲಿನ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದಳು.

ರಾತ್ರಿ ಊಟಕ್ಕೆ ಬಂಗುಡೆ ಸಾರು. ಝೀಟಾ ಬಡಿಸುತ್ತಾ ವಿಷಯ ಹೇಳಿದಳು.

"ಮಳೆಯ ಪಸೆ ಅದು. ಬಿಸಿಲು ಬಿದ್ದರೆ ತಾನಾಗಿ ಒಣಗುತ್ತದೆ" ಎಂದರು ಕಜೆಟನ್.

"ಹೋದ ವರ್ಷವೂ ಹಾಗೇ ಹೇಳಿದ್ದಿರಿ ಪಪ್ಪ" ಎಂದಳು ಅವರ ಮಗಳು ಪ್ಯಾಟ್ರಿಶಿಯಾ. ಅವಳು ಉಡುಪಿಯ ಒಂದು ಆಫೀಸಿನಲ್ಲಿ ಟೈಪಿಸ್ಟ್. "ಒಣಗುವಷ್ಟರಲ್ಲಿ ಮುಂದಿನ ಮಳೆ ಬಂದಿತ್ತು."

"ಬಾಗಿಲು ಮುಚ್ಚಿಕೊಂಡು ಒದ್ದೆ ಬಟ್ಟೆಗೆ ಇಸ್ತ್ರಿ ಹಾಕಿದರೆ ಇನ್ನೆಂತ ಆಗುತ್ತದೆ? ಹಬೆ ಎಲ್ಲಿಗೆ ಹೋಗಬೇಕು?" ಎಂದರು ಅತ್ತೆ ಬರ್ತಾಬಾಯಿ.

"ಇಸ್ತ್ರಿಯ ಹಬೆಗೆ ಗೋಡೆ ಬೆವರುತ್ತದಾ ಮಾಂಯ್? ಕೈ ಇಟ್ಟರೆ ಅಂಗೈ ಒದ್ದೆಯಾಗುತ್ತದೆ" ಎಂದಳು ಝೀಟಾ. ಅತ್ತೆಯನ್ನು ಅವಳು ಮಾಂಯ್ ಎಂದೇ ಕರೆಯುತ್ತಿದ್ದಳು, ಮಾವನನ್ನು ಮಾಂವ್ ಎಂದು.

ಅವಳ ಗಂಡ ಅಲೋಶಿಯಸ್ ಮೀನಿನ ಮುಳ್ಳು ಬಿಡಿಸುತ್ತಿದ್ದ. ಬ್ಯಾಂಕಿನಲ್ಲಿ ಗುಮಾಸ್ತ, ಮನೆಯಲ್ಲಿ ಎರಡು ಕಡೆಯವರ ಮಾತನ್ನೂ ಕೇಳಿ ಎರಡಕ್ಕೂ ತಲೆಯಾಡಿಸುವವ. "ಭಾನುವಾರ ನಾನೇ ಉಜ್ಜಿ ತೊಳೆಯುತ್ತೇನೆ. ಬ್ಲೀಚಿಂಗ್ ಪೌಡರ್ ಹಾಕಿದರೆ ಹೋಗುತ್ತದೆ" ಎಂದ.

"ಗೋಡೆಯದ್ದು ಹೋಗಬಹುದು. ಗೌನಿನದ್ದು?"

ಬರ್ತಾಬಾಯಿ ಕೈ ತೊಳೆದು ಬಂದು, "ನಾಳೆ ಬೆಳಿಗ್ಗೆ ನನಗೆ ತೋರಿಸು. ನೀನು ಅದಕ್ಕೆ ಸೋಪು ಮುಟ್ಟಿಸಬೇಡ" ಎಂದರು.

ಮರುದಿನ ಬೆಳಿಗ್ಗೆ ಬರ್ತಾಬಾಯಿಯ ಮೊದಲ ಕೆಲಸ ಎಂದಿನ ಹಾಗೆ ಮಲ್ಲಿಗೆಯದ್ದೇ. ಅವರ ತವರು ಶಂಕರಪುರ. ಮದುವೆಯಾಗಿ ಬರುವಾಗ ತಂದ ಗಿಡಗಳ ಮಕ್ಕಳು ಮೊಮ್ಮಕ್ಕಳು ಈ ಮನೆಯ ಮೇಲಂಗಳದಲ್ಲಿ, ಗೋಡೆಗೆ ತಾಗಿದ ಪಾತಿಯಲ್ಲಿ ಎರಡು ಸಾಲಾಗಿ ನಿಂತಿದ್ದವು. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಚೆಂಡು ಕಟ್ಟಿ, ಹೂವಿನ ವ್ಯಾಪಾರದ ವಾಸು ಬರುವಷ್ಟರಲ್ಲಿ ಎಲೆಯಲ್ಲಿ ಸುತ್ತಿಡುತ್ತಿದ್ದರು. ಆಮೇಲೆ ನೀರು. ಬಾವಿಯ ನೀರು, ಅಕ್ಕಿ ತೊಳೆದ ನೀರು, ಮೀನು ತೊಳೆದ ನೀರು, ಎಲ್ಲವೂ ಆ ಪಾತಿಗೆ. ಪ್ಯಾಟ್ರಿಶಿಯಾಳ ಓದು, ಮನೆಯ ಕಿಟಕಿಗಳ ಮರ, ಅಡುಗೆಮನೆಯ ಕಪಾಟು, ಎಲ್ಲಕ್ಕೂ ಆ ಹೂವಿನ ಪಾಲಿತ್ತು.

ನೀರು ಹೊಯ್ದು ಮುಗಿಸಿ ಅವರು ಲಿಂಬೆಹಣ್ಣು ಮತ್ತು ಕಲ್ಲುಪ್ಪು ಹಿಡಿದು ಕೆಳಗಿಳಿದರು. ಕೆಳಗಿನ ಅಂಗಳದಲ್ಲಿ ಚಾಪೆ ಹಾಸಿ, ಅದರ ಮೇಲೆ ಬಿಳಿ ಪಂಚೆ ಹಾಸಿ, ಗೌನನ್ನು ಬಿಸಿಲಿಗೆ ಹರಡಿದರು. ಒಂದೊಂದು ಚುಕ್ಕೆಗೂ ಉಪ್ಪು ಬೆರೆಸಿದ ಲಿಂಬೆರಸವನ್ನು ಹತ್ತಿಯಲ್ಲಿ ಒತ್ತಿದರು.

"ತಿಕ್ಕಬಾರದು. ತಿಕ್ಕಿದರೆ ಸ್ಯಾಟಿನ್ ಸತ್ತುಹೋಗುತ್ತದೆ" ಎಂದರು.

"ನಿಮಗೆ ಇದು ಹೇಗೆ ಗೊತ್ತು ಮಾಂಯ್?"

"ನನ್ನ ತಾಯಿ ಇಗರ್ಜಿಯಲ್ಲಿ ಪೂಜೆಯ ಆಲ್ತಾರಿಗೆ ಹಾಸುವ ಬಟ್ಟೆ ಒಗೆಯುತ್ತಿದ್ದರು. ಮಳೆಗಾಲದಲ್ಲಿ ಪಾದ್ರಿಯವರ ಬಿಳಿ ನಿಲುವಂಗಿಗೂ ಬೂಷ್ಟು ಬರುತ್ತಿತ್ತು. ಬೂಷ್ಟಿಗೆ ಪಾದ್ರಿ ಯಾರು, ಕೂಲಿ ಯಾರು ಗೊತ್ತುಂಟಾ?"

ಝೀಟಾ ನಕ್ಕಳು. ಆ ವಾರವೆಲ್ಲ ಅತ್ತೆ ಸೊಸೆ ಇಬ್ಬರೂ ಆ ಚಾಪೆಯ ಪಕ್ಕ ಕುಳಿತೇ ಮಧ್ಯಾಹ್ನದ ಗಂಜಿ ಉಂಡರು; ಕಾಗೆ ಬಂದರೆ ಓಡಿಸಬೇಕಿತ್ತು. ಚುಕ್ಕೆಗಳು ಮಾಸಿದವು. ಪೂರ್ತಿ ಹೋಗದೆ ಉಳಿದವುಗಳ ಮೇಲೆ ಝೀಟಾ ಅದೇ ಬಟ್ಟೆಯ ಚೂರುಗಳಿಂದ ಸಣ್ಣ ಸಣ್ಣ ಗುಲಾಬಿ ಮಾಡಿ ತೋಳಿನಿಂದ ಸೊಂಟದವರೆಗೆ ಸಾಲಾಗಿ ಕೂರಿಸಿದಳು.

ಇಮ್ಯಾನುಯೆಲ್ ಮಗಳನ್ನು ಕರೆದುಕೊಂಡು ಅಳತೆ ನೋಡಲು ಬಂದಾಗ ಝೀಟಾ ನಡೆದದ್ದನ್ನು ಮುಚ್ಚಿಡಲಿಲ್ಲ. ಹುಡುಗಿ ಗುಲಾಬಿಗಳ ಮೇಲೆ ಕೈಯಾಡಿಸಿ, "ನನಗೆ ಹೀಗೇ ಇಷ್ಟ ಆಯಿತು" ಎಂದಳು. ಅವಳ ಅಪ್ಪ ಕೋಣೆಯ ಹಿಂದಿನ ಗೋಡೆಯನ್ನು ನೋಡಿದರು. ಅಲೋಶಿಯಸ್ ಉಜ್ಜಿ ತೊಳೆದ ಜಾಗದಲ್ಲೇ ಹೊಸ ಕಪ್ಪು ಮೂಡುತ್ತಿತ್ತು.

"ಕೆಲಸ ನಿಮ್ಮದು ಒಳ್ಳೆಯದುಂಟು, ಇಲ್ಲ ಅನ್ನುವುದಿಲ್ಲ. ಆದರೆ ಮದುಮಗಳ ಜೊತೆ ನಡೆಯುವ ಸಣ್ಣ ಮಕ್ಕಳ ಫ್ರಾಕಿನ ಬಟ್ಟೆಯನ್ನು ನಾನು ಇಲ್ಲಿ ಬಿಟ್ಟು ಹೋಗುವುದಿಲ್ಲ. ಬೇಸರ ಮಾಡಬೇಡಿ" ಎಂದರು ಇಮ್ಯಾನುಯೆಲ್.

ಝೀಟಾ ಬೇಸರವಿಲ್ಲ ಎಂದಳು. ಅವರು ಹೋದ ಮೇಲೆ ಮೆಷಿನಿನ ಮುಂದೆ ಕುಳಿತವಳು ಬಹಳ ಹೊತ್ತು ದಾರ ಪೋಣಿಸಲಿಲ್ಲ.

ಕ್ರಿಸ್ಮಸ್ಸಿನ ಮುಂಚೆ ಅಲೋಶಿಯಸ್ ಹಿಂದಿನ ಗೋಡೆಗೆ ಸಿಮೆಂಟ್ ಗಾರೆ ಮಾಡಿಸಿದ. "ಇನ್ನು ನೀರಿಗೆ ದಾರಿ ಇಲ್ಲ" ಎಂದ. ನೀರು ದಾರಿ ಹುಡುಕಿಕೊಂಡಿತು. ಹಬ್ಬದ ಕುಸ್ವಾರ್ ತಿಂಡಿಯ ಡಬ್ಬಿ ಖಾಲಿಯಾಗುವಷ್ಟರಲ್ಲಿ ಗಾರೆ ಅಲ್ಲಲ್ಲಿ ಉಬ್ಬಿತು. ಪಕ್ಕದ ಗೋಡೆಯ ಬುಡದಲ್ಲೂ ಪಸೆ ಬಂತು. ಕಲಿಯಲು ಬರುವ ಹುಡುಗಿಯರು ಬೆನ್ನಿಗೂ ಗೋಡೆಗೂ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟುಕೊಂಡು ಕುಳಿತುಕೊಳ್ಳತೊಡಗಿದರು. ಮೋಹಿನಿ ಎಂಬವಳು ಬಂದು ಕುಳಿತರೆ ಸಾಕು ಸೀನು ಶುರು.

"ಡಿಸೆಂಬರೂ ಮುಗಿಯಿತು ಪಪ್ಪ, ಬಿಸಿಲೂ ಬಿತ್ತು" ಎಂದಳು ಪ್ಯಾಟ್ರಿಶಿಯಾ ಊಟಕ್ಕೆ ಕೂತಾಗ.

"ಗುಡ್ಡದೊಳಗೆ ಒರತೆ ಇರಬೇಕು" ಎಂದರು ಕಜೆಟನ್, ತಟ್ಟೆಯಿಂದ ತಲೆಯೆತ್ತದೆ.

ಉಚ್ಚಿಲದ ಮದುವೆ ಚೆನ್ನಾಗಿ ಆಯಿತು. ಅದಾದ ಕೂಡಲೇ ಕಾರ್ಕಳದಿಂದ ಸುದ್ದಿ ಬಂತು: ಬರ್ತಾಬಾಯಿಯ ಅಕ್ಕ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರು. ಬರ್ತಾಬಾಯಿ ಚೀಲಕ್ಕೆ ಎರಡು ಸೀರೆ ತುಂಬಿ ಹೊರಟರು. ಬಸ್ಸು ಹತ್ತುವವರೆಗೂ ಗಂಡನಿಗೆ ಹೇಳುತ್ತಲೇ ಇದ್ದರು.

"ದಿನಾ ನೀರು. ಬುಡ ನೆನೆಯಬೇಕು. ಮೇಲೆ ಮೇಲೆ ಚಿಮುಕಿಸಿ ಬರಬೇಡಿ."

"ಆಯಿತು ಮಾರಾಯ್ತಿ, ನಿನ್ನ ಗಿಡ ನನಗೆ ಗೊತ್ತಿಲ್ವಾ?"

ಕಜೆಟನರ ಮಂಡಿ ಕೊಡಪಾನ ಹೊರಲು ಬಿಡುತ್ತಿರಲಿಲ್ಲ. ಮೊದಲು ಎರಡು ದಿನ ಹೊತ್ತರು. ಆಮೇಲೆ ಒಂದು ದಿನ ಬಿಟ್ಟು ಒಂದು ದಿನ. ಆಮೇಲೆ ಒಂದೊಂದು ಚೊಂಬು. ಮೊಗ್ಗು ಕೊಯ್ಯುವ ಕೆಲಸ ಝೀಟಾ ಮತ್ತು ಪ್ಯಾಟ್ರಿಶಿಯಾಳ ಪಾಲಿಗೆ ಬಂತು. ಬರ್ತಾಬಾಯಿ ಎರಡು ಚೆಂಡು ಕಟ್ಟುವಷ್ಟರಲ್ಲಿ ಇವರಿಬ್ಬರೂ ಸೇರಿ ಒಂದು ಕಟ್ಟುತ್ತಿದ್ದರು. ವಾಸು ಅದನ್ನು ನೋಡಿ, "ದೊಡ್ಡಬಾಯಿಯವರು ಬೇಗ ಬರಲಿ" ಎಂದಷ್ಟೇ ಹೇಳಿ ಸೈಕಲ್ ಹತ್ತುತ್ತಿದ್ದ.

ಒಂದು ಮಧ್ಯಾಹ್ನ ಮೋಹಿನಿ ರವಿಕೆಯ ಕೊರಳು ಕತ್ತರಿಸುತ್ತಾ ತಲೆಯೆತ್ತಿ, "ಅಕ್ಕ, ನಾನು ಇವತ್ತು ಸೀನಲೇ ಇಲ್ಲ ಅಲ್ವಾ?" ಎಂದಳು.

ಝೀಟಾ ಎದ್ದು ಹೋಗಿ ಹಿಂದಿನ ಗೋಡೆಗೆ ಅಂಗೈ ಇಟ್ಟಳು. ಗೋಡೆ ತಂಪಾಗಿತ್ತು, ಒದ್ದೆ ಇರಲಿಲ್ಲ. ಉಬ್ಬಿದ ಗಾರೆಯನ್ನು ಉಗುರಿನಿಂದ ಕೆರೆದರೆ ಪುಡಿ ಉದುರಿತು. ಅವಳು ಮೆಟ್ಟಿಲು ಹತ್ತಿ ಮೇಲಂಗಳಕ್ಕೆ ಬಂದಳು. ಮಲ್ಲಿಗೆಯ ಎಲೆಗಳು ಬಾಡಿ ಜೋತಿದ್ದವು. ಪಾತಿಯ ಮಣ್ಣು ಬಿರಿದಿತ್ತು. ಪಾತಿ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ನೋಡಿದಳು. ಕೆಳಗೆ ಹಿಂದಿನ ಗೋಡೆ ಎಲ್ಲಿಂದ ಎಲ್ಲಿಯವರೆಗೆ ಇತ್ತೋ ಅಲ್ಲಿಂದ ಅಲ್ಲಿಗೇ.

ಕಜೆಟನ್ ಜಗಲಿಯಲ್ಲಿ ಕುಳಿತು ಅವಳನ್ನು ನೋಡುತ್ತಿದ್ದರು.

"ಮಾಂವ್, ನಿಮಗೆ ಗೊತ್ತಿತ್ತಾ?"

ಅವರು ಕನ್ನಡಕ ತೆಗೆದು ಒರೆಸಿದರು. "ಗೊತ್ತಿತ್ತು ಅಂತಲ್ಲ ಬಾಯೆ. ಆ ಕಡೆ ನೋಡದೆ ಇದ್ದೆ."

"ಒರತೆ ಉಂಟು ಅಂತ ಹೇಳಿದಿರಿ."

"ಒರತೆ ಅಂದರೆ ಬೈಸಿಕೊಳ್ಳುವವರು ಯಾರೂ ಇಲ್ಲ. ಮಲ್ಲಿಗೆ ಅಂದರೆ ನನ್ನ ಊಟಕ್ಕೆ ಕುತ್ತು."

ಫೆಬ್ರವರಿಯಲ್ಲಿ, ಬೂದಿ ಬುಧವಾರದ ಹಿಂದಿನ ವಾರ, ಬರ್ತಾಬಾಯಿ ಕಾರ್ಕಳದಿಂದ ಮರಳಿದರು. ಗೇಟಿನಲ್ಲೇ ನಿಂತರು. ಚೀಲ ಕೆಳಗಿಡದೆ ಪಾತಿಯ ಉದ್ದಕ್ಕೂ ನಡೆದರು.

"ಇದು ನೀರು ಹೊಯ್ದ ಗಿಡವಾ?" ಎಂದು ಗಂಡನನ್ನು ಕೇಳಿದರು.

"ಮಂಡಿ ನೋವು..."

"ನಿಮಗೆ ಮಂಡಿ ನೋವು. ಇವನಿಗೆ ಬ್ಯಾಂಕು. ಇವಳಿಗೆ ಆಫೀಸು. ಇನ್ನೊಬ್ಬಳಿಗೆ ಮೆಷಿನು. ನಾನು ಸತ್ತರೆ ನನ್ನ ಗುಂಡಿಗೆ ಒಂದು ಹಿಡಿ ಮಣ್ಣು ಹಾಕಲಿಕ್ಕಾದರೂ ನಿಮ್ಮಲ್ಲಿ ಯಾರಿಗೆ ಪುರುಸೊತ್ತು ಉಂಟು?"

ಬರ್ತಾಬಾಯಿ ಸೀರೆ ಬದಲಿಸದೆ ಬಾವಿಗೆ ಹೋದರು. ಅಲೋಶಿಯಸ್ ಓಡಿ ಕೊಡಪಾನ ಹಿಡಿದ. ಕತ್ತಲಾಗುವವರೆಗೆ ತಾಯಿ ಮಗ ನೀರು ಹೊಯ್ದರು. ಮಾರನೆಯ ದಿನವೂ ಹೊಯ್ದರು. ವಾರ ಕಳೆಯುವ ಮೊದಲು ಗಿಡಗಳು ತಲೆಯೆತ್ತಿದವು, ಕೆಳಗೆ ಗೋಡೆ ಮತ್ತೆ ಬೆವರಿತು, ಮೋಹಿನಿ ಮತ್ತೆ ಸೀನಿದಳು.

ಈಗ ಬರ್ತಾಬಾಯಿಯ ಹೊರತು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಲೋಶಿಯಸ್ ಎರಡು ಸಲ ಬಾಯಿ ತೆರೆದು, "ಅಮ್ಮ, ಉಪ್ಪಿನಕಾಯಿ ಉಂಟಾ?" ಎಂದು ಕೇಳಿ ಸುಮ್ಮನಾದ. ಕೊನೆಗೆ ಹೇಳಿದವಳು ಪ್ಯಾಟ್ರಿಶಿಯಾ. ಅದೂ ಗಂಜಿಯ ತಟ್ಟೆಯ ಮುಂದೆ.

"ಅಮ್ಮ, ಕೆಳಗಿನ ಕೋಣೆಗೆ ನೀರು ಬರುವುದು ನಿಮ್ಮ ಮಲ್ಲಿಗೆ ಪಾತಿಯಿಂದ. ನೀವು ಕಾರ್ಕಳದಲ್ಲಿದ್ದಾಗ ಗೋಡೆ ಒಣಗಿತ್ತು. ನೀವು ಬಂದ ಮೇಲೆ ಒದ್ದೆ."

ಬರ್ತಾಬಾಯಿ ಚಮಚ ಇಟ್ಟರು. ಮಗಳನ್ನು ಬಿಟ್ಟು ಸೊಸೆಯ ಕಡೆ ನೋಡಿದರು. "ಇದು ನೀನು ಹೇಳಿಸಿದ್ದಾ?"

"ನಾನು ಹೇಳಿಸಲಿಲ್ಲ ಮಾಂಯ್. ಆದರೆ ಅವಳು ಹೇಳಿದ್ದು ಹೌದು."

"ನಿನ್ನ ಮೆಷಿನು ನಿನ್ನೆ ಬಂದದ್ದು. ಈ ಮನೆಯ ಗೋಡೆ ಏಳುವಾಗ ಕಲ್ಲಿಗೆ ಈ ಹೂವಿನ ದುಡ್ಡೂ ಬಿದ್ದಿದೆ. ಈಗ ಅದೇ ಗೋಡೆಗೆ ಹೂವು ಬೇಡವಾಯಿತಾ?"

"ಕೀಳಬೇಕು ಅಂತ ಯಾರು ಹೇಳಿದರು ಅಮ್ಮ..." ಎಂದು ಅಲೋಶಿಯಸ್ ಶುರುಮಾಡಿದ.

"ನೀನು ಸುಮ್ಮನಿರು. ನೀನು ಯಾವ ಕಡೆ ಅಂತ ನಿನಗೇ ಗೊತ್ತಿಲ್ಲ."

ಅಂದಿನಿಂದ ಬರ್ತಾಬಾಯಿ ಎಲ್ಲರ ಜೊತೆ ಊಟಕ್ಕೆ ಕೂರಲಿಲ್ಲ. ಕರೇಜ್ಮ, ಅಂದರೆ ಈಸ್ಟರಿನ ಮುಂಚಿನ ಉಪವಾಸದ ಕಾಲ, ಶುರುವಾಗಿತ್ತು. ಕರೆದರೆ "ನನಗೆ ಉಪವಾಸ" ಎನ್ನುತ್ತಿದ್ದರು. ಅದು ದೇವರಿಗೋ ಸೊಸೆಗೋ ಎಂದು ಯಾರಿಗೂ ಕೇಳುವ ಧೈರ್ಯವಿರಲಿಲ್ಲ. ಝೀಟಾ ಅವರ ಪಾಲಿನ ಗಂಜಿಯನ್ನೂ ಚಟ್ನಿಯನ್ನೂ ಮುಚ್ಚಿಡುತ್ತಿದ್ದಳು. ಸಂಜೆಯೊಳಗೆ ತಟ್ಟೆ ಖಾಲಿಯಾಗಿ, ತೊಳೆದು, ಬೋರಲು ಇಟ್ಟಿರುತ್ತಿತ್ತು. ಅಷ್ಟರಮಟ್ಟಿಗೆ ಮನೆಯಲ್ಲಿ ಸಮಾಧಾನವಿತ್ತು.

ಒಂದು ದಿನ ಝೀಟಾ ಗುಂಡಿ ಮತ್ತು ಲೇಸು ತರಲು ಉಡುಪಿಗೆ ಹೋಗಿದ್ದಳು. ಹುಡುಗಿಯರು ಕೆಳಗೆ ತಾವೇ ಹೊಲಿಯುತ್ತಿದ್ದರು. ಬರ್ತಾಬಾಯಿ ಮೆಟ್ಟಿಲಿಳಿದು ಬಂದರು. ಹುಡುಗಿಯರು ಎದ್ದು ನಿಂತರು.

"ಕೂತುಕೊಳ್ಳಿ. ನಾನು ಸುಮ್ಮನೆ ಬಂದೆ."

ಹುಡುಗಿಯರು ಪ್ಲಾಸ್ಟಿಕ್ ಹಾಳೆಗಳನ್ನು ಸರಿಮಾಡಿಕೊಂಡು ಕುಳಿತರು. ಬರ್ತಾಬಾಯಿ ಅದನ್ನು ನೋಡಿದರು. ಮೂಲೆಯಲ್ಲಿ ಝೀಟಾ ಬಟ್ಟೆಗಳ ಗಂಟನ್ನು ನೆಲಕ್ಕೆ ತಾಗದ ಹಾಗೆ ಮುಚ್ಚಿಗೆಯ ಕೊಕ್ಕೆಗೆ ನೇತುಹಾಕಿದ್ದಳು. ಒಂದು ಬಾಣಲೆಯಲ್ಲಿ ತೆಂಗಿನ ಗೆರಟೆಯ ಕೆಂಡ. ಗಾಳಿ ಒಣಗಲಿ ಎಂದು ಬೇಸಿಗೆಯ ಮಧ್ಯಾಹ್ನದಲ್ಲೂ ಇಟ್ಟದ್ದು. ಅದರ ಸೆಕೆಗೆ ಹುಡುಗಿಯರ ರವಿಕೆಯ ಬೆನ್ನು ಒದ್ದೆಯಾಗಿತ್ತು.

"ಈ ಸೆಕೆಯಲ್ಲಿ ಹೀಗೆ ಕೂರುತ್ತೀರಾ ದಿನಾ?"

"ಅಭ್ಯಾಸ ಆಗಿದೆ ಬಾಯಮ್ಮ" ಎಂದಳು ಮೋಹಿನಿ, ಸೆರಗಿನಿಂದ ಮೂಗು ಒರೆಸುತ್ತಾ. "ಇಲ್ಲಿ ಕಲಿತು ಮೆಷಿನು ತೆಗೆದುಕೊಂಡರೆ ನನಗೂ ಮನೆಯಲ್ಲೇ ಕೂತು ಹೊಲಿಯಬಹುದು."

ಬರ್ತಾಬಾಯಿ ಹಿಂದಿನ ಗೋಡೆಯ ಹತ್ತಿರ ಹೋದರು. ಬೆರಳಿನಿಂದ ಮುಟ್ಟಿ, ಬೆರಳನ್ನು ಮೂಗಿಗೆ ಹಿಡಿದರು. ಸಿಮೆಂಟಿನ ವಾಸನೆಯ ಜೊತೆಗೆ, ತೆಳ್ಳಗೆ, ಮೀನು ತೊಳೆದ ನೀರಿನ ವಾಸನೆ. ಅವರು ಅಲ್ಲಿಂದ ಕೆಳಗಿನ ಅಂಗಳಕ್ಕೆ ಹೋಗಿ ಬಿಸಿಲಿನಲ್ಲಿ ನಿಂತರು. ಸೂರ್ಯ ಪಶ್ಚಿಮದ ಅಂಚಿಗೆ ಇಳಿಯುವವರೆಗೆ ಅಲ್ಲೇ ಇದ್ದರು ಎಂದು ಹುಡುಗಿಯರು ಆಮೇಲೆ ಝೀಟಾಳಿಗೆ ಹೇಳಿದರು.

ಆ ರಾತ್ರಿ ಬರ್ತಾಬಾಯಿ ತಟ್ಟೆ ತಂದು ಎಲ್ಲರ ಜೊತೆ ಕುಳಿತರು. ಝೀಟಾ ಬಡಿಸಿದಳು.

"ಕೆಳಗಿನ ಅಂಗಳದಲ್ಲಿ ಬಿಸಿಲು ಎಷ್ಟು ಹೊತ್ತು ಇರುತ್ತದೆ?" ಎಂದು ಅವರು ಕೇಳಿದರು.

"ಬೆಳಿಗ್ಗೆ ತಡವಾಗಿ ಬರುತ್ತದೆ ಮಾಂಯ್. ಆಮೇಲೆ ಸಂಜೆಯವರೆಗೆ."

"ಮಲ್ಲಿಗೆಗೆ ಅಷ್ಟು ಸಾಕು. ಆದರೆ ನಿನಗೆ ಬಟ್ಟೆ ಒಣಗಿಸಲು ಜಾಗ ಕಡಿಮೆಯಾಗುತ್ತದೆ."

"ಹಗ್ಗವನ್ನು ಮೇಲಂಗಳಕ್ಕೆ ಕಟ್ಟುತ್ತೇನೆ."

"ಗೋಡೆಗೆ ತಾಗಿದ ಸಾಲು ಕೆಳಗೆ ಹೋಗಲಿ. ರಸ್ತೆ ಕಡೆಯ ಸಾಲು ಇರಲಿ. ಅದಕ್ಕೂ ಗೋಡೆಗೂ ನಡುವೆ ನಿನ್ನ ಮಾವ ಏನಾದರೂ ಮಾಡಲಿ. ಹಂಚಿನ ಕಾರ್ಖಾನೆಯಲ್ಲಿ ಅಷ್ಟು ವರ್ಷ ಮಣ್ಣು ನೀರು ನೋಡಿದವರು, ಮನೆಯಲ್ಲಿ ಮಾತ್ರ ಒರತೆ ಒರತೆ ಅಂತ ಕೂತಿದ್ದರು."

ಕಜೆಟನ್ ಮೀನಿನ ತುಂಡನ್ನು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದರು.

ಮರುವಾರವೇ ಕೆಲಸ ಶುರುವಾಯಿತು. ಕಜೆಟನ್ ಮಂಡಿಗೆ ಬಟ್ಟೆ ಕಟ್ಟಿಕೊಂಡು ಜಗಲಿಯಿಂದ ಇಳಿದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಕುರ್ಚಿ ಹಾಕಿ ಅಲ್ಲೇ ಕುಳಿತರು. ಕಣಿ ತೋಡಲು ಬಂದವನು ಕೂಸಪ್ಪ; ಅವನಿಗೆ ಕಜೆಟನ್ ಯಾವಾಗಲೂ 'ಪೊರ್ಬುಗಳು'.

"ಪೊರ್ಬುಗಳೇ, ಉದ್ದಕ್ಕೂ ಒಂದೇ ಸಲ ತೋಡುವುದಾ?"

"ಬೇಡ ಮಾರಾಯ, ಗೋಡೆಗೆ ಆಧಾರ ತಪ್ಪುತ್ತದೆ. ಒಂದು ತುಂಡು ತೋಡು, ತುಂಬು, ಆಮೇಲೆ ಮುಂದಿನದ್ದು."

ಗೋಡೆಯ ಉದ್ದಕ್ಕೂ ಕೆಳಗಿನ ಕೋಣೆಯ ನೆಲದ ಮಟ್ಟದವರೆಗೆ ಕಣಿ ಇಳಿಯಿತು. ಅದರ ತಳವನ್ನು ಒಂದು ಕಡೆಗೆ ಇಳಿಜಾರು ಮಾಡಿ, ಬಂದ ನೀರು ಮನೆಯ ಮಗ್ಗುಲಿನಿಂದ ಹೊರಗೆ ಮಳೆನೀರಿನ ತೋಡಿಗೆ ಹೋಗುವ ಹಾಗೆ ಮಣ್ಣಿನ ಕೊಳವೆ ಇಟ್ಟರು. ಕಜೆಟನ್ ತಮ್ಮ ಹಳೆಯ ಕಾರ್ಖಾನೆಯಿಂದ ಒಡೆದ ಹಂಚಿನ ಚೂರು ತರಿಸಿ ಕಣಿಗೆ ತುಂಬಿಸಿದರು. ಎಲ್ಲಕ್ಕಿಂತ ಮೇಲೆ ಜೇಡಿಮಣ್ಣು ಹಾಕಿಸಿ, ಗೋಡೆಯಿಂದ ಆಚೆಗೆ ನೀರು ಜಾರುವ ಹಾಗೆ ಬಡಿಸಿದರು. ಒಳಗೆ ಅಲೋಶಿಯಸ್ ತಾನು ಮಾಡಿಸಿದ ಸಿಮೆಂಟ್ ಗಾರೆಯನ್ನು ತಾನೇ ಉಳಿ ಹಿಡಿದು ಕಿತ್ತ.

"ಇದಕ್ಕೆ ನಾನು ಎಷ್ಟು ಕಷ್ಟಪಟ್ಟಿದ್ದೆ" ಎಂದ.

"ಗೋಡೆಗೂ ಉಸಿರಾಡಬೇಕು ಅಂತ ಪಪ್ಪ ಆಗಲೇ ಹೇಳಬಹುದಿತ್ತು" ಎಂದಳು ಪ್ಯಾಟ್ರಿಶಿಯಾ.

"ಪಪ್ಪ ಆಗ ಉಪವಾಸಕ್ಕೆ ಹೆದರಿದ್ದರು" ಎಂದ ಅಲೋಶಿಯಸ್. ಅಪರೂಪಕ್ಕೆ ಅವನು ಹೇಳಿದ ಮಾತಿಗೆ ಎಲ್ಲರೂ ನಕ್ಕರು.

ಗೋಡೆಯ ಮುರಕಲ್ಲು ಕೆಲವು ವಾರ ಬರಿಮೈಯಲ್ಲಿ ಒಣಗಿತು. ಮುಚ್ಚಿಗೆಗೆ ತಾಗಿದ ಹಾಗೆ ಎರಡೂ ಪಕ್ಕಗಳಲ್ಲಿ ಗಾಳಿಕಿಂಡಿ ತೆರೆದರು. ಆಮೇಲೆ, ಬೂಷ್ಟು ಹಿಡಿಯದಿರಲೆಂದು, ಅಡಿಕೆಗೆ ಹೊಡೆಯುವ ಮೈಲುತುತ್ತನ್ನು ಚೂರು ಬೆರೆಸಿದ ಸುಣ್ಣ ಬಳಿದರು. ಕೋಣೆಗೆ ತೆಳು ನೀಲಿ ಬಣ್ಣ ಬಂತು. ಝೀಟಾ ಕಪಾಟನ್ನೂ ಮೆಷಿನುಗಳನ್ನೂ ಗೋಡೆಯಿಂದ ಕೈಯಳತೆ ದೂರ ಇಟ್ಟಳು.

ಗೋಡೆಗೆ ತಾಗಿದ ಸಾಲಿನ ಮಲ್ಲಿಗೆ ಗಿಡಗಳನ್ನು ಕಿತ್ತದ್ದು ಕಣಿ ತೋಡುವ ಮೊದಲು, ಬಿಸಿಲು ಇಳಿದ ಮೇಲೆ. ಬೇರಿನ ಸುತ್ತ ಮಣ್ಣು ಬಿಡದ ಹಾಗೆ ಗೋಣಿ ಸುತ್ತಿ, ಒಂದೊಂದನ್ನೂ ಝೀಟಾ ಮತ್ತು ಬರ್ತಾಬಾಯಿ ಇಬ್ಬರೇ ಹಿಡಿದು ಮೆಟ್ಟಿಲಿಳಿಸಿದರು. ಕೂಸಪ್ಪನಿಗೂ ಬರ್ತಾಬಾಯಿ ಮುಟ್ಟಲು ಕೊಡಲಿಲ್ಲ. ಆದರೂ ಅರ್ಧದಷ್ಟು ಗಿಡಗಳು ಬದುಕಲಿಲ್ಲ. ಒಣಗಿದ ಒಂದೊಂದನ್ನೂ ಅವರು ಬೇರುಸಹಿತ ಎಳೆದು, ಬಚ್ಚಲೊಲೆಯ ಪಕ್ಕ ಇಟ್ಟರು. ಉಳಿದ ಗಿಡಗಳ ಗೆಲ್ಲು ಬಗ್ಗಿಸಿ ಮಣ್ಣಿನಲ್ಲಿ ಹೂತು, ಮೇಲೆ ಕಲ್ಲು ಇಟ್ಟರು.

"ಮುಂದಿನ ವರ್ಷ ಹೂವು ಕಡಿಮೆ" ಎಂದರು ಝೀಟಾಳಿಗೆ.

"ನನ್ನಿಂದ ಆಯಿತು ಮಾಂಯ್."

"ನಿನ್ನಿಂದ ಅಲ್ಲ. ಗಿಡವನ್ನು ಗೋಡೆಗೆ ಒತ್ತಿ ನೆಟ್ಟವಳು ನಾನು. ಕೊಡಪಾನ ಹೊರುವ ದಾರಿ ಹತ್ತಿರವಾಗಲಿ ಅಂತ." ಅವರು ಕೈಯ ಮಣ್ಣು ಕೊಡವಿದರು. "ಬಾ, ಗಂಜಿ ಆರುತ್ತದೆ."

ಜೂನಿನಲ್ಲಿ ಮಳೆ ಹಿಡಿಯಿತು. ಮೊದಲ ವಾರ ಮನೆಯವರೆಲ್ಲ ಒಬ್ಬರಾದ ಮೇಲೆ ಒಬ್ಬರು ಏನೋ ನೆಪ ಮಾಡಿಕೊಂಡು ಕೆಳಗೆ ಹೋಗಿ ಗೋಡೆ ಮುಟ್ಟಿ ಬರುತ್ತಿದ್ದರು. ಕೊಳವೆಯಿಂದ ಕೆಂಪು ನೀರು ಸುರಿದು ತೋಡಿಗೆ ಹೋಗುತ್ತಿತ್ತು. ಒಳಗೆ ಎಡಮೂಲೆಯಲ್ಲಿ ಅಂಗೈಯಗಲದ ಪಸೆ ಬಂತು. ಅದು ಅಲ್ಲಿಂದ ಮುಂದೆ ಹೋಗಲಿಲ್ಲ. ಜುಲೈಯಲ್ಲಿ ಇಮ್ಯಾನುಯೆಲ್‌ರ ಮಗಳು ಗಂಡನ ಜೊತೆ ಬಂದು, ಮೈದುನನ ಮದುವೆಗೆ ಬೇಕಾದ ಬಟ್ಟೆಗಳನ್ನೆಲ್ಲ ಇಲ್ಲೇ ಬಿಟ್ಟು ಹೋದಳು. ಅವಳು ಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ.

ಮಳೆಗಾಲದಲ್ಲಿ ಮಲ್ಲಿಗೆ ಹೂ ಬಿಡುವುದು ಕಡಿಮೆ. ಬರ್ತಾಬಾಯಿಗೆ ಬೆಳಗಿನ ಕೆಲಸವಿರಲಿಲ್ಲ. ಮೊದಲು ಬಂದು ಕೆಳಗಿನ ಕೋಣೆಯ ಬಾಗಿಲಲ್ಲಿ ನಿಂತರು. ಆಮೇಲೆ ಸ್ಟೂಲಿನ ಮೇಲೆ ಕುಳಿತರು. ಆಮೇಲೆ ಒಂದು ರವಿಕೆಯನ್ನು ಎತ್ತಿಕೊಂಡು, "ಈ ಹುಕ್ಕು ಯಾರು ಹಾಕಿದ್ದು? ಒಂದು ಸೀನಿಗೆ ಕಿತ್ತು ಬರುತ್ತದೆ" ಎಂದರು. ಆಗಸ್ಟ್ ಬರುವಷ್ಟರಲ್ಲಿ ಹುಕ್ಕು, ಗುಂಡಿ, ಕಾಜ ಎಲ್ಲವೂ ಅವರ ಪಾಲಿನದ್ದಾಗಿತ್ತು. ಹುಡುಗಿಯರು ಅವರಿಗೆ ಹೆದರುತ್ತಿದ್ದರು, ಅವರು ಬರದಿದ್ದರೆ ಎಲ್ಲಿ ಎಂದು ಕೇಳುತ್ತಿದ್ದರು.

ಒಂದು ಸಂಜೆ ಮೇಲಿನ ಜಗಲಿಯಿಂದ ಕಜೆಟನ್ ಚಹಾಕ್ಕೆ ಕರೆದರು. ಮಳೆಯ ಸದ್ದು, ಎರಡು ಮೆಷಿನಿನ ಸದ್ದು, ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಕರೆದರು. ಕೊನೆಗೆ ತಾವೇ ಅಡುಗೆಮನೆಗೆ ಹೋಗಿ, ಸಕ್ಕರೆ ಡಬ್ಬಿ ಹುಡುಕಿ, ಪಾತ್ರೆ ತುಂಬ ಚಹಾ ಮಾಡಿ, ಕೊಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದರು.

ಮೆಷಿನುಗಳು ನಿಂತವು. ಮೋಹಿನಿ ಎದ್ದು ಪಾತ್ರೆ ತೆಗೆದುಕೊಂಡಳು. ಝೀಟಾ ಲೋಟಗಳಿಗೆ ಹಾಕಿದಳು. ಬರ್ತಾಬಾಯಿ ಒಂದು ಗುಟುಕು ಕುಡಿದು, "ಸಕ್ಕರೆ ಹೆಚ್ಚಾಯಿತು" ಎಂದರು. ಇನ್ನೊಂದು ಗುಟುಕು ಕುಡಿದರು.

ಕಜೆಟನ್ ಕೂರಲು ಜಾಗ ನೋಡಿದರು. ಸ್ಟೂಲು, ಚಾಪೆ, ಪೆಟ್ಟಿಗೆ, ಎಲ್ಲದರ ಮೇಲೂ ಯಾರಾದರೂ ಇದ್ದರು, ಇಲ್ಲವೇ ಬಟ್ಟೆ ಇತ್ತು. ಬರ್ತಾಬಾಯಿ ಕಾಜದಿಂದ ಕಣ್ಣು ತೆಗೆಯದೆ ಸೂಜಿಯಿಂದ ಹಿಂದಿನ ಗೋಡೆಯ ಕಡೆ ತೋರಿಸಿದರು.

"ಅಲ್ಲಿ ಒರಗಿಕೊಳ್ಳಿ" ಎಂದರು. "ಒಣಗಿದೆ."